ತಕ್ಕಡಿ ಸಾಹೇಬರ ಮೂವತ್ತನಾಲ್ಕು

ಲೋಕದಲ್ಲಿ ಎಲ್ಲವೂ ಕೆಟ್ಟುಹೋಗಿದೆ, ಕೆಡದೆ ಉಳಿದಿರುವುದು ತಮ್ಮ ಸೊಂಟ ಒಂದೇ ಎಂದು ತಕ್ಕಡಿ ಸಾಹೇಬರು ಬಲವಾಗಿ ನಂಬಿದ್ದರು.

ನಂಬಿಕೆಗೆ ಆಧಾರವೂ ಇತ್ತು. ಮದುವೆಯ ದಿನ ತೊಟ್ಟಿದ್ದ ಪ್ಯಾಂಟಿನ ಸೊಂಟಪಟ್ಟಿಯ ಒಳಗೆ, ಒಂದು ಪುಟ್ಟ ಬಿಳಿ ಲೇಬಲ್ಲಿನ ಮೇಲೆ ಮೂವತ್ತನಾಲ್ಕು ಎಂದು ಬರೆದಿತ್ತು. ಇಪ್ಪತ್ತನಾಲ್ಕು ವರ್ಷ ಕಳೆದ ಮೇಲೆ ಇವತ್ತು ಬೆಳಗ್ಗೆ ತೊಟ್ಟ ಪ್ಯಾಂಟಿನಲ್ಲೂ ಮೂವತ್ತನಾಲ್ಕೇ. ನಡುವೆ ಸರ್ಕಾರಗಳು ಬದಲಾದವು, ಬಸ್ಸುಗಳ ಬಣ್ಣ ಬದಲಾಯಿತು, ಮಗಳು ಹುಟ್ಟಿ ಬೆಳೆದು ಕಾಲೇಜು ಸೇರಿದಳು, ತಲೆಯ ಮೇಲಿನ ಕೂದಲು ಹೇಳದೆ ಕೇಳದೆ ಹೊರಟುಹೋಯಿತು. ಸೊಂಟ ಮಾತ್ರ ಅಲುಗಲಿಲ್ಲ. (ಸೊಂಟದ ಮೇಲೆ ಒಂದು ಹೊಟ್ಟೆ ಬಂದು ಕೂತಿತ್ತು, ನಿಜ. ಆದರೆ ಅದು ಸೊಂಟಕ್ಕೆ ಸೇರಿದ್ದಲ್ಲ, ಎದೆಯೇ ಸ್ವಲ್ಪ ಕೆಳಗಿಳಿದಿದೆ ಎಂಬುದು ಸಾಹೇಬರ ವಿವರಣೆ.)

ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ತರಕಾರಿಯವರ ತಕ್ಕಡಿ, ಬಟ್ಟೆಯಂಗಡಿಯ ಮೀಟರ್ ಕೋಲು, ಹಾಲಿನವರ ಲೀಟರು, ಇವೆಲ್ಲ ಸತ್ಯ ಹೇಳುತ್ತಿವೆಯೋ ಸುಳ್ಳು ಹೇಳುತ್ತಿವೆಯೋ ಎಂದು ಪರೀಕ್ಷಿಸಿ, ಸತ್ಯವಂತರಿಗೆ ಮುದ್ರೆ ಒತ್ತುವುದು, ಸುಳ್ಳುಗಾರರನ್ನು ಜಪ್ತಿ ಮಾಡುವುದು ಅವರ ಕೆಲಸ. ಮಕಮಲ್ಲು ಹಾಸಿದ ಮರದ ಪೆಟ್ಟಿಗೆಯಲ್ಲಿ ಹಿತ್ತಾಳೆಯ ತೂಕದ ಬಟ್ಟುಗಳು ಮಲಗಿರುತ್ತಿದ್ದವು. ಅವುಗಳನ್ನು ಸಾಹೇಬರು ಕೈಯಿಂದ ಮುಟ್ಟುತ್ತಲೂ ಇರಲಿಲ್ಲ, ಬೆವರು ತಾಗಿ ತೂಕ ಹೆಚ್ಚಾದೀತು ಎಂದು ಚಿಮಟದಲ್ಲಿ ಎತ್ತುತ್ತಿದ್ದರು. ಜೇಬಿನಲ್ಲಿ ಸದಾ ಇಲಾಖೆಯ ಮುದ್ರೆಯುಳ್ಳ ಉಕ್ಕಿನ ಟೇಪು. "ಅಳತೆ ಅಂದ್ರೆ ಅಳತೆ. ಅದಕ್ಕೆ ನೆಂಟರಿಲ್ಲ, ದಾಕ್ಷಿಣ್ಯ ಇಲ್ಲ" ಎಂದು ಅವರು ಪೇಟೆಯಲ್ಲಿ ಗುಡುಗಿದರೆ ಇಡೀ ಬೀದಿಯ ತಕ್ಕಡಿಗಳು ತಾವಾಗಿಯೇ ನೆಟ್ಟಗಾಗುತ್ತಿದ್ದವು. ಅಂಥವರು ತಾವು ಮಾತ್ರ ಯಾವ ತಕ್ಕಡಿಯನ್ನೂ ಹತ್ತಿದವರಲ್ಲ. ತಕ್ಕಡಿ ಇರುವುದು ಸರಕಿಗೆ, ಅಧಿಕಾರಿಗಳಿಗಲ್ಲ.

ಈ ಐತಿಹಾಸಿಕ ಸೊಂಟಕ್ಕೆ ಬೇಕಾದ ಪ್ಯಾಂಟುಗಳನ್ನು ತರುತ್ತಿದ್ದವರು ಅವರ ಹೆಂಡತಿ. ಮಕ್ಕಳ ಆಸ್ಪತ್ರೆಯಲ್ಲಿ ಹೆಡ್ ನರ್ಸು. ಅಲ್ಲಿ ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. (ದೊಡ್ಡ ಎಂಬ ಮಾತು ಹುದ್ದೆಗೆ ಸಂಬಂಧಪಟ್ಟದ್ದು. ಇದನ್ನು ಓದುಗರು ಈಗಲೇ ಮನಸ್ಸಿನಲ್ಲಿಟ್ಟುಕೊಂಡರೆ ಒಳ್ಳೆಯದು, ಯಾಕೆಂದರೆ ಮುಂದೆ ಸಿಸ್ಟರೇ ಇದನ್ನು ಮರೆಯುವವರಿದ್ದಾರೆ.) ಇಪ್ಪತ್ತೈದು ವರ್ಷದ ಸೇವೆಗಾಗಿ ಅವರಿಗೆ ಆಸ್ಪತ್ರೆಯ ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಸನ್ಮಾನವೆಂದು ತೀರ್ಮಾನವಾಯಿತು. ಇನ್ನು ಒಂಬತ್ತೇ ದಿನ.

"ರೀ, ನಾನೊಂದು ರೆಡಿಮೇಡ್ ಗೌನು ತೊಗೋಬೇಕು" ಅಂದರು ಸಿಸ್ಟರು. "ಇಪ್ಪತ್ತೈದು ವರ್ಷ ಯೂನಿಫಾರಮ್ಮಿನಲ್ಲೇ ಎಲ್ರೂ ನೋಡಿದ್ದಾರೆ. ಒಂದೇ ಒಂದು ದಿನ, ಇವಳು ಹೀಗೂ ಇದ್ದಾಳಾ ಅನ್ನಬೇಕು."

"ಅದಕ್ಕೇನು! ನಿನ್ನ ಸೈಜೆಷ್ಟು ಹೇಳು, ಐದು ನಿಮಿಷದ ಕೆಲಸ" ಎಂದರು ಸಾಹೇಬರು.

ಸಿಸ್ಟರಿಗೆ ತಮ್ಮ ಸೈಜು ಗೊತ್ತಿರಲಿಲ್ಲ. ಯೂನಿಫಾರಮ್ಮನ್ನು ಆಸ್ಪತ್ರೆಯ ದರ್ಜಿ ಅಳತೆ ತೆಗೆದು ಹೊಲಿದುಕೊಡುತ್ತಿದ್ದ. ಅವನ ಪುಸ್ತಕದಲ್ಲಿ ಏನಿತ್ತೋ ಅವನಿಗೇ ಗೊತ್ತು.

ಶನಿವಾರ ಸಂಜೆ ಇಬ್ಬರೂ ಅಂಗಡಿ ಬೀದಿಗೆ ಹೋದರು. ಮೊದಲನೆಯ ಅಂಗಡಿಯಲ್ಲಿ ಸಿಸ್ಟರು ಸಂಕೋಚದಿಂದ 'ಎಲ್' ಕೇಳಿದರು. ಟ್ರಯಲ್ ರೂಮಿನಿಂದ ಹೊರಗೆ ಬಂದಾಗ ಗೌನಿನೊಳಗೆ ಇನ್ನೊಬ್ಬರಿಗೆ ಜಾಗವಿತ್ತು. 'ಎಂ' ಕೊಟ್ಟರು, ಅದೂ ಸಡಿಲ. ಕಡೆಗೆ 'ಎಸ್' ಸರಿಯಾಗಿ ಕೂತಿತು. ಎಸ್! ಸಿಸ್ಟರು ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದರು. ಗೌನಿನ ಸಾಸಿವೆ ಬಣ್ಣವೂ ಅದರ ಮೇಲಿನ ಗಿಳಿಗಳೂ ಸನ್ಮಾನಕ್ಕೆ ಒಪ್ಪುವಂತಿರಲಿಲ್ಲವಾಗಿ ಅದನ್ನು ಬಿಟ್ಟರು. ಆದರೆ ಆ ಲೇಬಲ್ಲನ್ನು ಬಿಟ್ಟುಬರಲು ಮನಸ್ಸಾಗದೆ ಅದೇ ಅಂಗಡಿಯ ಕಪ್ಪು ಬಣ್ಣದ, ಇಲಾಸ್ಟಿಕ್ಕಿನ, ಕಾಲಂಚಿಗೆ ಕೆಂಪು ಹೂಗಳ ಕಸೂತಿಯಿದ್ದ ಒಂದು ಅಗಲ ಪ್ಯಾಂಟನ್ನು ಕೊಂಡರು. ಅದೂ ಎಸ್ಸೇ.

"ನೋಡಿದ್ರಾ? ನನ್ನನ್ನ ದಪ್ಪ ಅಂತಿದ್ರಿ."

"ನಾನೆಲ್ಲಿ ಅಂದೆ?"

"ಅನ್ನಲಿಲ್ಲ. ಅಂದ್ಕೊಂಡ್ರಿ. ಮುಖ ನೋಡಿದ್ರೆ ಗೊತ್ತಾಗಲ್ವಾ?"

ಅಲ್ಲಿಂದ ಅರವತ್ತು ಹೆಜ್ಜೆ ನಡೆದರೆ ಎರಡನೆಯ ಅಂಗಡಿ. ಅದರ ಗಾಜಿನೊಳಗೇ ನಿಂತಿತ್ತು ಆ ನೀಲಿ ಗೌನು. ಮುಸ್ಸಂಜೆಯ ಆಕಾಶದ ನೀಲಿ, ತೋಳಿಗೆ ತೆಳುವಾದ ಅಂಚು, ಎಲ್ಲಕ್ಕಿಂತ ಹೆಚ್ಚಾಗಿ ಎರಡು ದೊಡ್ಡ ಜೇಬು. ಜೇಬು ಕಂಡರೆ ನರ್ಸುಗಳಿಗೆ ಪ್ರಾಣ. ಸಿಸ್ಟರು ಠೀವಿಯಿಂದ "ಎಸ್ ಕೊಡಿ" ಅಂದರು. ಅಂಗಡಿಯಾಕೆ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಕೊಟ್ಟಳು.

ಎಸ್ ತಲೆಯಲ್ಲೇ ಸಿಕ್ಕಿಕೊಂಡಿತು. ಹೊರಗೆಳೆಯಲು ಅಂಗಡಿಯಾಕೆಯೇ ಒಳಗೆ ಹೋಗಬೇಕಾಯಿತು. ಎಂ ಭುಜ ದಾಟಲಿಲ್ಲ. ಎಲ್ ತೋಳಿನ ಹತ್ತಿರ ಮುಷ್ಕರ ಹೂಡಿತು. ಎಕ್ಸ್‌ಎಲ್‌ನ ಜಿಪ್ಪು ಅರ್ಧಕ್ಕೆ ಬಂದು ಕೈಚೆಲ್ಲಿತು. ಎರಡು ಎಕ್ಸ್‌ನಲ್ಲಿ ಉಸಿರಾಡಬಹುದಿತ್ತು, ಮಾತಾಡುವಂತಿರಲಿಲ್ಲ. ಕಟ್ಟಕಡೆಗೆ ಬಂತು ಮೂರು ಎಕ್ಸ್ ಮತ್ತು ಒಂದು ಎಲ್. ಅದು ಅವರಿಗೆಂದೇ ಹೊಲಿದಂತೆ ಕೂತಿತು. ಸಿಸ್ಟರು ಹೊರಗೆ ಬಂದಾಗ ಸಾಹೇಬರು ಕೂತಲ್ಲಿಂದ ಎದ್ದು ನಿಂತರು. ಎಷ್ಟು ಚೆನ್ನಾಗಿ ಕಾಣುತ್ತಿದ್ದರೆಂದರೆ, ಇವರು ನಮ್ಮ ಮನೆಯವರೇನಾ ಎಂದು ಅನುಮಾನ ಬಂತು.

ಆದರೆ ಸಿಸ್ಟರ ಮನಸ್ಸು ಕತ್ತಿನ ಹಿಂದಿನ ಲೇಬಲ್ಲಿನ ಮೇಲಿತ್ತು. ಅರವತ್ತು ಹೆಜ್ಜೆಯೊಳಗೆ ಐದು ಸೈಜು ಏರಿದ ಹೆಂಗಸು ಬೇರೆ ಯಾರಾದರೂ ಇದ್ದಾರೆಯೆ? ಅವರು ಒಳಗೆ ಹೋಗಿ, ಗೌನು ಕಳಚಿ, ಮಡಿಸಿ ಇಟ್ಟುಬಿಟ್ಟರು.

ಆಗ ಎದ್ದಿತು ನೋಡಿ ಇಲಾಖೆಯ ಆವೇಶ. ಸಾಹೇಬರು ಜೇಬಿನಿಂದ ಉಕ್ಕಿನ ಟೇಪು ಎಳೆದು, ಮೊದಲ ಅಂಗಡಿಯಿಂದ ತಂದಿದ್ದ ಪ್ಯಾಂಟನ್ನೂ ಇಲ್ಲಿಯ ಒಂದು ಎಸ್ ಪ್ಯಾಂಟನ್ನೂ ಕೌಂಟರಿನ ಮೇಲೆ ಹಾಸಿ ಅಳೆದರು.

"ಏನ್ರೀ ಇದು? ಎರಡೂ ಎಸ್. ಒಂದಕ್ಕೂ ಇನ್ನೊಂದಕ್ಕೂ ಹದಿನಾಲ್ಕು ಸೆಂಟಿಮೀಟರ್ ವ್ಯತ್ಯಾಸ! ಒಂದು ಕೆಜಿ ಅನ್ನೋದು ಅಂಗಡಿಗೊಂದೊಂದು ಥರ ಇರುತ್ತಾ?"

"ಸಾರ್, ಅದು ಅವರ ಎಸ್. ಇದು ನಮ್ಮ ಎಸ್."

"ಎಸ್ ಅನ್ನೋದು ನಿಮ್ಮನೆ ಬೆಕ್ಕಿನ ಹೆಸರಾ, ನಿಮಗೆ ಬೇಕಾದ್ದಕ್ಕೆ ಇಡೋಕೆ? ನಾನು ಯಾರು ಗೊತ್ತಾ? ಅಳತೆ ಇಲಾಖೆ!"

ಅಂಗಡಿಯಾಕೆ ಹೆದರಲಿಲ್ಲ. "ಸಾರ್, ಇದರ ಮೇಲೆ ಸೆಂಟಿಮೀಟರ್ ಅಂತ ಬರೆದಿದ್ಯಾ? ಇಲ್ಲ ತಾನೆ? ಒಂದು ಅಕ್ಷರ ಬರೆದಿದೆ. ಅಕ್ಷರ ಅಳೆಯೋ ಟೇಪು ನಿಮ್ಮ ಇಲಾಖೇಲಿ ಇದ್ರೆ ತನ್ನಿ."

ಸಾಹೇಬರ ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಟೇಪು ತಾನಾಗಿಯೇ ಸರ್ರನೆ ಒಳಗೆ ಹೋಯಿತು.

ಮೂರನೆಯ ಅಂಗಡಿಯಲ್ಲಿ ಸೈಜಿನ ಗೊಡವೆಯೇ ಇರಲಿಲ್ಲ. "ಫ್ರೀ ಸೈಜ್ ಮೇಡಂ, ಎಲ್ಲರಿಗೂ ಆಗುತ್ತೆ" ಅಂದರು. ಸಿಸ್ಟರಿಗೆ ಆಗಲಿಲ್ಲ. ಎಲ್ಲರೂ ಎಂಬ ಲೆಕ್ಕದಲ್ಲಿ ತಾವು ಇಲ್ಲವೆಂದು ಗೊತ್ತಾದ ಮೇಲೆ ಮನುಷ್ಯರು ಇನ್ನೇನು ಮಾಡಬೇಕು? ಸಿಸ್ಟರು ಬೀದಿಗೆ ಬಂದು, "ನಡೀರಿ ಮನೆಗೆ" ಅಂದರು.

ಆ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಗಂಡನಾದವನ ಧರ್ಮ. ಸಾಹೇಬರು ಸಮಾಧಾನ ಹೇಳಲು ಹೊರಟರು.

"ಇದಕ್ಕೆಲ್ಲ ಬೇಜಾರು ಯಾಕೆ? ಮನಸ್ಸು ಮಾಡಿದ್ರೆ ಮೈಯನ್ನ ಹತೋಟಿಯಲ್ಲಿಡಬಹುದು. ನನ್ನ ನೋಡು. ಮದುವೆ ದಿನ ಮೂವತ್ತನಾಲ್ಕು, ಇವತ್ತೂ ಮೂವತ್ತನಾಲ್ಕು."

ಸಿಸ್ಟರು ಅವರನ್ನು ಬಹಳ ಹೊತ್ತು ನೋಡಿದರು. ತುಟಿಯ ಕೊನೆಯಲ್ಲಿ ಏನೋ ಒಂದು ಬಂದು, ಬಂದ ಹಾಗೇ ಹೋಯಿತು. "ಹೌದ್ರೀ. ನಿಮ್ಮ ಪುಣ್ಯ" ಅಂದು ಮುಂದೆ ನಡೆದರು.

ಮನೆಯಲ್ಲಿ ಸಾಹೇಬರ ಅತ್ತೆ, ಎಂದರೆ ಸಿಸ್ಟರ ತಾಯಿ, ಬಟಾಣಿ ಬಿಡಿಸುತ್ತ ಕೂತಿದ್ದರು. ಕಾಲೇಜಿನ ಮಗಳು ಎದುರಿಗೆ ಕೂತು, ಬಿಡಿಸಿದ್ದನ್ನು ತಿನ್ನುತ್ತಿದ್ದಳು. ಸಿಸ್ಟರು ಚೀಲವನ್ನು ಕುರ್ಚಿಯ ಮೇಲೆ ಎಸೆದು, "ನಾನು ವೇದಿಕೆ ಹತ್ತಲ್ಲ" ಎಂದು ಘೋಷಿಸಿದರು. "ವಾರ್ಡಿನಲ್ಲಿ ಡ್ಯೂಟಿ ಹಾಕಿಸ್ಕೋತೀನಿ. ಆ ಸನ್ಮಾನದ ಫಲಕಾನ ಯಾರಾದ್ರೂ ತಂದುಕೊಡ್ಲಿ."

"ಯಾಕೇ? ಏನಾಯ್ತು?" ಎಂದರು ಅತ್ತೆ.

ಏನಾಯಿತೆಂದು ತಿಳಿದ ಮೇಲೆ ಅತ್ತೆ ಎದ್ದುಹೋಗಿ ತಮ್ಮ ಮದುವೆಯ ಫೋಟೊ ತಂದರು. "ನೋಡು ಇಲ್ಲಿ. ಎಷ್ಟು ತುಂಬಿಕೊಂಡು ಲಕ್ಷಣವಾಗಿದ್ದೀನಿ! ನಿಜ ಹೇಳ್ಲಾ? ಆಗ ನಾನು ಒಣಕಲು ಕಡ್ಡಿ. ಫೋಟೊದಲ್ಲಿ ಹುಡುಗಿ ಬಡಕಲಾಗಿ ಕಂಡ್ರೆ ಮರ್ಯಾದೆ ಹೋಗುತ್ತೆ ಅಂತ ನಮ್ಮಮ್ಮ ನಾಲ್ಕು ಲಂಗ ಉಡಿಸಿ, ಸೊಂಟದ ಸುತ್ತ ಹತ್ತಿ ದಿಂಬು ಕಟ್ಟಿದ್ದಳು. ಕೂರೋಕಾಗದೆ ನಿಂತ್ಕೊಂಡೇ ಮದುವೆಯಾದೆ."

"ನಿಂದು ಪರವಾಗಿಲ್ಲಮ್ಮ, ಒಂದು ದಿನದ ಕಷ್ಟ" ಅಂದರು ಸಿಸ್ಟರು. "ನಾನು ಸಣ್ಣಗಿದ್ದಾಗ, ಇವಳಿಗೆ ಮನೇಲಿ ಊಟ ಹಾಕಲ್ವಾ ಅಂತ ಬೀದಿಯವರೆಲ್ಲ ಕೇಳ್ತಿದ್ರು. ತಿಂದು ತಿಂದು ಮೈ ತುಂಬಿಸ್ಕೊಂಡೆ. ತುಂಬೋ ಹೊತ್ತಿಗೆ, ಕಡ್ಡಿ ಥರ ಇರೋದೇ ಚೆಂದ ಅಂತ ಶುರುಮಾಡಿದ್ರು. ನಾನು ಓಡೋಡಿ ಬಸ್ ಸ್ಟಾಪಿಗೆ ಬರೋಷ್ಟರಲ್ಲಿ ಸ್ಟಾಪನ್ನೇ ಎತ್ತಿ ಬೇರೆ ಕಡೆ ಇಡ್ತಾರೆ!"

"ಅಮ್ಮಾ, ಕಡ್ಡಿನೂ ಹಳೇದಾಯ್ತು" ಅಂದಳು ಮಗಳು. "ಈಗ ನಡು ಸಣ್ಣಗಿರಬೇಕು, ಅದರ ಕೆಳಗೆ ದಪ್ಪಗಿರಬೇಕು. ಇಲ್ದಿದ್ರೆ ಒಳಗೆ ಕಟ್ಟಿಕೊಳ್ಳೋಕೆ ಪ್ಯಾಡ್ ಸಿಗುತ್ತೆ."

ಅತ್ತೆಯ ಕಣ್ಣು ಅರಳಿತು. "ಹತ್ತೀದಾ? ಅಯ್ಯೋ, ದುಡ್ಡು ಕೊಟ್ಟು ಯಾಕೆ ತರ್ತೀಯ? ನನ್ನ ಮದುವೆದು ಪೆಟ್ಟಿಗೇಲಿದೆ, ತೊಗೋ."

ಅಜ್ಜಿ ಮೊಮ್ಮಗಳು ನಕ್ಕು ನಕ್ಕು ಬಟಾಣಿಯನ್ನೆಲ್ಲ ಚೆಲ್ಲಿದರು. ಸಿಸ್ಟರೂ ನಕ್ಕರು, ಆದರೆ ನಗು ಮುಗಿದ ಮೇಲೆ "ನಾನು ಮಾತ್ರ ಹೋಗಲ್ಲ" ಅಂದರು. ಆ ಮಾತನ್ನು ಜೋರಾಗಿ ಹೇಳಿದ್ದರೆ ಸಾಹೇಬರಿಗೆ ಏನೂ ಅನ್ನಿಸುತ್ತಿರಲಿಲ್ಲ. ಮೆಲ್ಲಗೆ ಹೇಳಿದ್ದರಿಂದ ಅವರು ಬಗ್ಗಿ, ಚೆಲ್ಲಿದ ಬಟಾಣಿಯನ್ನು ಒಂದೊಂದಾಗಿ ಹೆಕ್ಕತೊಡಗಿದರು.

ಎರಡು ದಿನ ಅವರಿಗೆ ಪೇಟೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಇಪ್ಪತ್ತೈದು ವರ್ಷ ಪರರ ಮಕ್ಕಳ ಜ್ವರ ಕಾದ ಹೆಂಗಸು, ಮೂರು ಎಕ್ಸ್‌ಗೆ ಹೆದರಿ ತನ್ನ ಚಪ್ಪಾಳೆಯನ್ನು ತಾನೇ ಕೇಳದೆ ಹೋಗುವುದೆ? ಇದು ನ್ಯಾಯವಲ್ಲ. ಕಾನೂನಿನಲ್ಲಿ ಪರಿಹಾರವಿಲ್ಲ ಎಂಬುದನ್ನು ಅಂಗಡಿಯಾಕೆ ಆಗಲೇ ಸಾಬೀತು ಮಾಡಿದ್ದಳು. ಉಳಿದದ್ದು ಒಂದೇ ದಾರಿ. ಅದು ಯಾವ ದಾರಿಯೆಂದು ಹೊಳೆದಾಗ ಸಾಹೇಬರ ಹಣೆಯಲ್ಲಿ ಬೆವರೊಡೆಯಿತು. ತಪ್ಪು ಲೇಬಲ್ಲು! ಸುಳ್ಳು ಮುದ್ರೆ! ಇದೇ ಅಪರಾಧಕ್ಕೆ ಅವರು ಎಷ್ಟು ಜನರ ಮೇಲೆ ಕೇಸು ಹಾಕಿರಲಿಲ್ಲ!

ಮಂಗಳವಾರ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿದರು. ಎರಡನೆಯ ಅಂಗಡಿಗೆ ಹೋಗಿ, ಅಂಗಡಿಯಾಕೆಯ ಮುಖ ನೋಡದೆ, ಆ ನೀಲಿ ಗೌನನ್ನು ಕೊಂಡರು. ಸಿಸ್ಟರು ಡ್ಯೂಟಿಯಲ್ಲಿದ್ದರು. ಅಡುಗೆಮನೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ಮೂರು ಎಕ್ಸಿನ ಲೇಬಲ್ಲನ್ನು ಬ್ಲೇಡಿನಿಂದ ಬಿಡಿಸಿದರು. ಅಡುಗೆಕಟ್ಟೆ ಒರೆಸಲು ಬಳಸುತ್ತಿದ್ದ ಮಗಳ ಹಳೆಯ ಅಂಗಿಯೊಂದರಲ್ಲಿ ಎಂ ಎಂಬ ಲೇಬಲ್ಲಿತ್ತು. ಅದನ್ನು ಕಿತ್ತು, ತೊಳೆದು, ಒಣಗಿಸಿ, ಗೌನಿನ ಕತ್ತಿಗೆ ಹೊಲಿಯತೊಡಗಿದರು. ಸೂಜಿ ಹಿಡಿದದ್ದು ಜನ್ಮದಲ್ಲಿ ಅದೇ ಮೊದಲು. ಸೂಜಿ ಬಟ್ಟೆಯನ್ನು ಬಿಟ್ಟು ಉಳಿದೆಲ್ಲವನ್ನೂ ಚುಚ್ಚಿತು.

"ಏನ್ಮಾಡ್ತಿದೀರಿ ಅಳಿಯಂದ್ರೇ?"

ಬಾಗಿಲಲ್ಲಿ ಅತ್ತೆ. ಸಾಹೇಬರು ಕಕ್ಕಾಬಿಕ್ಕಿಯಾದರು.

"ಗುಂಡಿ... ಗುಂಡಿ ಬಿದ್ದಿತ್ತು ಅತ್ತೆ."

"ಕತ್ತಿನ ಹಿಂದೆ ಗುಂಡಿ ಬರೋದು ಯಾವಾಗಿಂದ ಶುರುವಾಯ್ತು?" ಅತ್ತೆ ಬಗ್ಗಿ ನೋಡಿದರು. ಬೈಯಲಿಲ್ಲ, ನಗಲಿಲ್ಲ. ತಮ್ಮ ಹೊಲಿಗೆಯ ಬೆರಳುಟೋಪಿಯನ್ನು ತಂದು ಅವರ ಮುಂದಿಟ್ಟು, "ಈ ಮನೇಲಿ ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಾಯಿಲೆ" ಎಂದು ಗೊಣಗಿಕೊಂಡು ಹೋದರು. ಸಾಹೇಬರಿಗೆ ಆ ಮಾತಿನ ತಲೆಬುಡ ತಿಳಿಯಲಿಲ್ಲ. ತಿಳಿಯುವ ಸ್ಥಿತಿಯಲ್ಲೂ ಇರಲಿಲ್ಲ. ಮೂರು ಬೆರಳಿಗೆ ಪಟ್ಟಿ ಸುತ್ತಿಕೊಂಡು, ಕಿತ್ತ ಲೇಬಲ್ಲನ್ನು ಯಾರೂ ಹುಡುಕದ ಜಾಗದಲ್ಲಿ, ಇಲಾಖೆಯ ಮರದ ಪೆಟ್ಟಿಗೆಯ ಅರ್ಧ ಕಿಲೋ ಬಟ್ಟಿನ ಕೆಳಗೆ ಬಚ್ಚಿಟ್ಟರು.

ಸಂಜೆ ಸಿಸ್ಟರು ಬಂದಾಗ ಗೌನು ಮಂಚದ ಮೇಲಿತ್ತು.

"ಇದೇನ್ರೀ?"

"ಆ ಅಂಗಡಿಯವರು ಲೇಬಲ್ಲು ತಪ್ಪಾಗಿ ಹಚ್ಚಿದ್ರಂತೆ" ಸಾಹೇಬರು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಹೇಳಿದರು. "ಇಲಾಖೆ ಮಟ್ಟದಲ್ಲಿ ವಿಚಾರಣೆ ಮಾಡಿಸಿದೆ. ತಪ್ಪೊಪ್ಪಿಕೊಂಡು ಸರಿಪಡಿಸಿಕೊಟ್ಟಿದ್ದಾರೆ. ನೋಡು, ಎಷ್ಟಿದೆ ಅಂತ."

ಸಿಸ್ಟರು ಕತ್ತನ್ನು ಮಗುಚಿ ನೋಡಿದರು. ಸಾಹೇಬರ ಬೆರಳುಗಳನ್ನು ನೋಡಿದರು. ಮತ್ತೆ ಲೇಬಲ್ಲನ್ನು ನೋಡಿದರು. ಆಮೇಲೆ "ಅಯ್ಯೋ, ಎಂ!" ಅಂದರು. ಮುಖ ಇಷ್ಟಗಲವಾಯಿತು. ತೊಟ್ಟುಕೊಂಡು ಬಂದು, ಎರಡೂ ಜೇಬಿನಲ್ಲಿ ಕೈ ಇಳಿಬಿಟ್ಟು ನಿಂತು, "ಹೋಗ್ತೀನಿ ಕಣ್ರೀ. ವೇದಿಕೆ ಹತ್ತೇ ಹತ್ತುತ್ತೀನಿ" ಅಂದರು. ಸಾಹೇಬರಿಗೆ ಆದ ಸಂತೋಷ ಹೇಳತೀರದು. ಸುಳ್ಳು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ಗೊತ್ತಿದ್ದರೆ ಸತ್ಯದ ಇಲಾಖೆಯನ್ನು ಸೇರುತ್ತಲೇ ಇರಲಿಲ್ಲವೇನೋ.

ಆ ಸಂತೋಷವೇ ಮುಂದಿನ ಅನಾಹುತಕ್ಕೆ ಕಾರಣವಾಯಿತು. ಹೆಂಡತಿಗೆ ಹೊಸ ಗೌನು. ಪಕ್ಕದಲ್ಲಿ ಗಂಡ ಹಳೆಯ ಪ್ಯಾಂಟಿನಲ್ಲಿ ಕೂರುವುದೆ? ಸಿಸ್ಟರಿಗೆ ವಾರವೆಲ್ಲ ಬಿಡುವಿರಲಿಲ್ಲ. ಸಮಾರಂಭದ ಹಿಂದಿನ ದಿನ ಸಾಹೇಬರು, ಹದಿನೆಂಟು ವರ್ಷಗಳಲ್ಲಿ ಮೊದಲ ಸಲ, ತಮ್ಮ ಪ್ಯಾಂಟು ಕೊಳ್ಳಲು ತಾವೇ ಹೋದರು.

"ಮೂವತ್ತನಾಲ್ಕು" ಅಂದರು, ಅಕ್ಕಪಕ್ಕದ ಗಿರಾಕಿಗಳಿಗೂ ಕೇಳಿಸುವಂತೆ.

ಅಂಗಡಿಯವನು ಅವರ ಹೊಟ್ಟೆಯನ್ನು ನೋಡಿದ. "ಸಾರ್, ಒಂದ್ಸಲ ಹಾಕಿ ನೋಡಿಬಿಡಿ. ಟ್ರಯಲ್ ರೂಮು ಅಲ್ಲಿದೆ."

"ಟ್ರಯಲ್ಲು ಯಾಕ್ರೀ? ಇದು ಹೆಂಗಸರ ಅಕ್ಷರದ ವ್ಯವಹಾರ ಅಲ್ಲ, ಗಂಡಸರ ಅಂಕಿ. ಮೂವತ್ತನಾಲ್ಕು ಇಂಚು ಅಂದ್ರೆ ಮೂವತ್ತನಾಲ್ಕು ಇಂಚು. ತೋರಿಸಿ." ಅಲ್ಲೇ ಟೇಪು ತೆಗೆದು ಪ್ಯಾಂಟಿನ ಸೊಂಟವನ್ನು ಅಳೆದರು. ಕರಾರುವಾಕ್ಕಾಗಿ ಮೂವತ್ತನಾಲ್ಕು. "ಭೇಷ್! ನಿಮ್ಮಂಥ ಪ್ರಾಮಾಣಿಕ ವ್ಯಾಪಾರಿಗಳು ಇನ್ನೂ ಇದ್ದಾರಲ್ಲ" ಎಂದು ಬೆನ್ನು ತಟ್ಟಿ ಪೊಟ್ಟಣ ಕಟ್ಟಿಸಿಕೊಂಡು ಬಂದರು. ಪ್ಯಾಂಟಿನ ಸೊಂಟವನ್ನು ಅಳೆದವರು ತಮ್ಮ ಸೊಂಟವನ್ನು ಅಳೆಯಲಿಲ್ಲವೆಂಬುದು ಇಪ್ಪತ್ತೆಂಟು ವರ್ಷದ ಅನುಭವಕ್ಕೂ ಹೊಳೆಯಲಿಲ್ಲ.

ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಸಮಾರಂಭ. ಹತ್ತೂಕಾಲಿಗೆ ಸಾಹೇಬರು ಸ್ನಾನ ಮಾಡಿ, ಇಸ್ತ್ರಿ ಶರಟು ತೊಟ್ಟು, ಹೊಸ ಪ್ಯಾಂಟಿಗೆ ಕಾಲು ತೂರಿಸಿದರು. ಪ್ಯಾಂಟು ಮಂಡಿ ದಾಟಿತು. ತೊಡೆಯ ಅರ್ಧಕ್ಕೆ ಬಂತು. ಅಲ್ಲಿ ನಿಂತಿತು. ಸಾಹೇಬರು ಎಳೆದರು. ಕುಪ್ಪಳಿಸಿದರು. ಮಂಚದ ಮೇಲೆ ಮಲಗಿ ಕಾಲುಗಳನ್ನು ಆಕಾಶಕ್ಕೆತ್ತಿ, ಉಸಿರು ಬಿಗಿಹಿಡಿದು ಎಳೆದರು. ಪ್ಯಾಂಟು ಒಂದು ಬೆರಳಿನಷ್ಟೂ ಮುಂದೆ ಬರಲಿಲ್ಲ. ಹಾಗೇ ಮಗುಚಿ ಎದ್ದು ಕೂತು, ಟೇಪು ಹಿಡಿದರು. ಪ್ಯಾಂಟು ಮೂವತ್ತನಾಲ್ಕೇ. ತಪ್ಪು ಅದರದಲ್ಲ.

"ಅತ್ತೇ! ನನ್ನ ಹಳೇ ಪ್ಯಾಂಟು ಎಲ್ಲಿ?"

"ನೆನೆಹಾಕಿದೀನಿ ಅಳಿಯಂದ್ರೇ. ಹೊಸದು ಬಂದಿದ್ಯಲ್ಲ ಅಂತ ನಾಲ್ಕನ್ನೂ ಹಾಕಿಬಿಟ್ಟೆ."

ಮಂಡಿ ಹರಿದ ಪೈಜಾಮ ಏರಿಸಿಕೊಂಡು ಸಾಹೇಬರು ಬಚ್ಚಲಿಗೆ ಧಾವಿಸಿದರು. ಬಕೆಟಿನಿಂದ ನೀರು ಸುರಿಯುವ ಪ್ಯಾಂಟೊಂದನ್ನು ಎಳೆದು ಸೊಂಟಪಟ್ಟಿಯನ್ನು ಮಗುಚಿದರು. ಲೇಬಲ್ಲು: ಮೂವತ್ತನಾಲ್ಕು. ಟೇಪು: ನಲವತ್ತು. ಎರಡನೆಯದು? ಮೂವತ್ತನಾಲ್ಕು, ನಲವತ್ತು. ಮೂರನೆಯದು, ನಾಲ್ಕನೆಯದು, ಅದೇ ಕಥೆ. ನಾಲ್ಕೂ ನಾಲ್ಕು ಕಂಪನಿಯವು, ನಾಲ್ಕೂ ಒಂದೇ ಸುಳ್ಳು ಹೇಳುತ್ತಿದ್ದವು.

"ಮೋಸ! ದಗಾ! ಬಹು ದೊಡ್ಡ ಜಾಲ!" ಸಾಹೇಬರ ಗರ್ಜನೆಗೆ ಮಗಳು ಓಡಿಬಂದಳು. "ಬರ್ಕೊಳಮ್ಮಾ. ನಾಲ್ಕು ಕಂಪನಿಗಳಿಗೂ ನೋಟಿಸು. ಗಿರಾಕಿಗಳನ್ನು ವಂಚಿಸುವ ದುರುದ್ದೇಶದಿಂದ ಆರು ಇಂಚು ಹೆಚ್ಚಾಗಿ..."

"ಅಪ್ಪಾ, ಜಾಸ್ತಿ ಬಟ್ಟೆ ಕೊಟ್ಟಿದ್ದಕ್ಕೆ ಕೇಸಾ?"

"ನೋಟಿಸು ಬೇಡ ಕಣ್ರೀ" ಎಂದಿತು ಹಿಂದಿನಿಂದ ಒಂದು ದನಿ. ನೀಲಿ ಗೌನು ತೊಟ್ಟು ಸಿದ್ಧರಾಗಿ ಸಿಸ್ಟರು ನಿಂತಿದ್ದರು. ಕೈಯಲ್ಲಿ ಆಸ್ಪತ್ರೆಯ ಹಳೆಯ ಗುಳಿಗೆ ಡಬ್ಬಿ. ಮುಚ್ಚಳ ತೆಗೆದರು. ಒಳಗೆ ಮಾಸಿದ ಒಂದು ಪುಟ್ಟ ಲೇಬಲ್ಲು. ಮೂವತ್ತನಾಲ್ಕು.

"ಇದು ನಿಮ್ಮ ಮದುವೆ ಪ್ಯಾಂಟಿಂದು. ಮಿಕ್ಕ ನಾಲ್ಕು ಆ ಬಕೆಟ್ಟಿನಲ್ಲಿವೆ. ಒಂದು ಪ್ಯಾಂಟು ಹಳೇದಾದ್ರೆ ಲೇಬಲ್ಲು ಬಿಚ್ಚಿ ಹೊಸದಕ್ಕೆ ಹೊಲೀತೀನಿ."

"ಯಾವಾಗಿಂದ?" ಸಾಹೇಬರ ದನಿ ಬಾವಿಯೊಳಗಿಂದ ಬಂದಂತಿತ್ತು.

"ಹದಿನೆಂಟು ವರ್ಷದಿಂದ. ಮರೆತುಹೋಯ್ತಾ? ಪ್ಯಾಂಟು ಬಿಗಿಯಾಯ್ತು ಅಂತ ನಾಲ್ಕು ದಿನ ಬರೀ ನೀರು ಕುಡಿದ್ರಿ. ಐದನೇ ದಿನ ಓಡೋಕೆ ಹೋಗಿ ಮೂಲೆ ಮನೆ ಗೇಟಿಗೆ ಎಡವಿ ಬಿದ್ದು ಕಾಲು ಮುರ್ಕೊಂಡ್ರಿ. ಆರು ವಾರ ಹಾಸಿಗೇಲಿ ಮಲಗಿ, ನಾನು ಕುದಿಸೋ ಹಾಲನ್ನೂ ಅಳತೆ ಮಾಡ್ತಿದ್ರಿ. ವಾರ್ಡಿನಲ್ಲಿ ನಲವತ್ತು ಮಕ್ಕಳನ್ನ ಸಂಭಾಳಿಸಿದೋಳು ರೀ ನಾನು. ನಿಮ್ಮೊಬ್ಬರನ್ನ ಸಂಭಾಳಿಸೋಕಾಗಲಿಲ್ಲ. ನಿಮ್ಮ ಸೊಂಟ ಇಳಿಸೋದಕ್ಕಿಂತ ಲೇಬಲ್ಲು ಬದಲಾಯಿಸೋದು ಸುಲಭ ಅನ್ನಿಸ್ತು."

ಸಾಹೇಬರು ಬಕೆಟಿನ ಪಕ್ಕದ ಮಣೆಯ ಮೇಲೆ ಕುಸಿದರು. ಹದಿನೆಂಟು ವರ್ಷ! ಊರಿನ ಸುಳ್ಳು ತೂಕಗಳನ್ನೆಲ್ಲ ಹಿಡಿದ ಮನುಷ್ಯ, ಅತಿದೊಡ್ಡ ಸುಳ್ಳು ಅಳತೆಯನ್ನು ಬೆಲ್ಟು ಬಿಗಿದು ಊರೆಲ್ಲ ಮೆರೆಸಿಕೊಂಡು ಬಂದಿದ್ದರು.

"ನನಗೇ ಮೋಸ ಮಾಡಿದ್ಯಲ್ಲೇ! ಕಟ್ಟಿಕೊಂಡ ಗಂಡನಿಗೆ!"

ಸಿಸ್ಟರು ಹಿಂದಕ್ಕೆ ತಿರುಗಿ, ಕೂದಲನ್ನು ಮುಂದಕ್ಕೆ ತೆಗೆದು, ಗೌನಿನ ಕತ್ತನ್ನು ಮಗುಚಿ ತೋರಿಸಿದರು. ಸಾಹೇಬರು ನೋಡಿದರು. ಮಗಳು ನೋಡಿದಳು. ಎಂ ಎಂಬ ಅಕ್ಷರವನ್ನು ಸಾಹೇಬರು ತಲೆಕೆಳಗಾಗಿ ಹೊಲಿದಿದ್ದರು.

"ಡಬ್ಲ್ಯೂ ಅನ್ನೋ ಸೈಜು ಯಾವ ಇಲಾಖೆಯಿಂದ ಮಂಜೂರು ಮಾಡಿಸಿದ್ರಿ?"

ಸಾಹೇಬರು ಕತ್ತು ಓರೆ ಮಾಡಿ ಲೇಬಲ್ಲನ್ನು ಇನ್ನೊಮ್ಮೆ ಓದಿದರು. "ಮೊದಲೇ ಗೊತ್ತಿತ್ತಾ?"

"ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ, ಗೊತ್ತಾಗಲ್ವಾ? ಅದೂ ಆ ಹೊಲಿಗೆ! ಕೈ ನಡುಗೋ ಟ್ರೈನೀ ನರ್ಸುಗಳೂ ಹಾಗೆ ಹೊಲಿಗೆ ಹಾಕಲ್ಲ."

"ಮತ್ಯಾಕೆ ಅಷ್ಟು ಖುಷಿಪಟ್ಟೆ?"

"ಮೂರು ಬೆರಳಿಗೆ ಪಟ್ಟಿ ಸುತ್ಕೊಂಡು ಕ್ಯಾಲೆಂಡರ್ ನೋಡ್ತಾ ನಿಂತಿದ್ರಲ್ಲ, ಅದಕ್ಕೆ" ಅಂದರು ಸಿಸ್ಟರು. "ನನಗೋಸ್ಕರ ನೀವು ಒಂದು ತಪ್ಪು ಅಳತೆಗೆ ಮುದ್ರೆ ಒತ್ತಿದ್ರಿ. ಆಮೇಲೆ ಮೂರಾದರೇನು, ನೂರು ಎಕ್ಸ್ ಆದರೇನು ಅನ್ನಿಸಿಬಿಡ್ತು. ಅಂದ ಹಾಗೆ, ಕಿತ್ತ ಲೇಬಲ್ಲನ್ನೆಲ್ಲಿ ಬಚ್ಚಿಟ್ರಿ?"

"ಅರ್ಧ ಕಿಲೋ ಬಟ್ಟಿನ ಕೆಳಗೆ."

"ಸರ್ಕಾರಿ ಪೆಟ್ಟಿಗೇಲಾ!" ಸಿಸ್ಟರು ಗೋಡೆ ಹಿಡಿದುಕೊಂಡು ನಕ್ಕರು. ಸಾಹೇಬರಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ನಗುತ್ತ ನಿಂತ ಆ ನೀಲಿ ಗೌನಿನ ಹೆಂಗಸಿನ ಮೇಲೆ ಅವರಿಗೆ ಇಪ್ಪತ್ತನಾಲ್ಕು ವರ್ಷದ ಹಿಂದಿನದೇ ಪ್ರೀತಿ ಉಕ್ಕಿ ಬಂತು. (ಪ್ರೀತಿಗೆ ಲೇಬಲ್ಲು ಬದಲಾಯಿಸಬೇಕಾಗಿರಲಿಲ್ಲ.)

"ಗಾಡಿ ಬಂತು!" ಎಂದು ಹೊರಗಿನಿಂದ ಅತ್ತೆ ಕೂಗಿದರು.

ಪ್ರೀತಿಯೇನೋ ಉಕ್ಕಿತು, ಪ್ಯಾಂಟು? ಹೊಸದು ತೊಡೆ ದಾಟದು, ಹಳೆಯವು ನೀರಿನಲ್ಲಿ, ಪೈಜಾಮಕ್ಕೆ ಮಂಡಿಯಿಲ್ಲ. ಭಾನುವಾರ ಅಂಗಡಿಗಳು ತೆರೆಯುವುದು ಹನ್ನೆರಡಕ್ಕೆ. ಮಗಳು ಬೀರುವಿನ ತಳದಿಂದ ಅಮ್ಮನ ಹೊಸ ಕಪ್ಪು ಪ್ಯಾಂಟನ್ನು ಎಳೆದು ತಂದಳು. "ಅಪ್ಪಾ, ಇಲಾಸ್ಟಿಕ್ಕು ಇದೆ."

"ಛೀ ಛೀ! ಹೂವಿದೆ!"

"ಹೂವು ಕಾಲಂಚಿಗೆ ತಾನೆ? ಕಾಲನ್ನ ಕುರ್ಚಿ ಕೆಳಗೆ ಇಟ್ಕೊಳ್ಳಿ" ಅಂದರು ಸಿಸ್ಟರು.

ಹಾಗಾಗಿ, ಆಸ್ಪತ್ರೆಯ ಸಭಾಂಗಣದ ಮೊದಲ ಸಾಲಿನಲ್ಲಿ ತಕ್ಕಡಿ ಸಾಹೇಬರು ಕಾಲುಗಳೆರಡನ್ನೂ ಕುರ್ಚಿಯ ಕೆಳಗೆ ಅಡಗಿಸಿಕೊಂಡು ಕೂತಿದ್ದರು. ಸಿಸ್ಟರು ವೇದಿಕೆ ಹತ್ತಿದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ಒಂದು ಕಾಲದಲ್ಲಿ ಅವರ ವಾರ್ಡಿನಲ್ಲಿ ಅತ್ತು ರಂಪ ಮಾಡಿದ್ದ ಮಕ್ಕಳು ಈಗ ಮೀಸೆ ಹೊತ್ತು, ಕೈಗೂಸು ಎತ್ತಿಕೊಂಡು ಬಂದಿದ್ದರು. ಅವರಲ್ಲಿ ಯಾರೊಬ್ಬರೂ ಸಿಸ್ಟರ ಸೈಜನ್ನು ನೋಡಿದಂತೆ ಕಾಣಲಿಲ್ಲ. ಸಾಹೇಬರ ಕಣ್ಣು ಮಂಜಾಯಿತು.

ಸಿಸ್ಟರು ಮೈಕಿನ ಮುಂದೆ ನಿಂತು, ಜೇಬಿನಲ್ಲಿ ಕೈಯಿಟ್ಟುಕೊಂಡೇ ಎಲ್ಲರಿಗೂ ವಂದನೆ ಹೇಳಿದರು. ಕೊನೆಗೆ, "ನಮ್ಮ ಯಜಮಾನರು ಅಳತೆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಆದ್ರೆ ನನಗೋಸ್ಕರ ಅದನ್ನೂ ಸಡಿಲ ಮಾಡಿದವರು. ಅವರಿಲ್ಲದೆ ನಾನಿಲ್ಲ" ಅಂದರು.

ದೊಡ್ಡ ಡಾಕ್ಟರು ಎದ್ದು ನಿಂತರು. "ಹಾಗಿದ್ರೆ ಸಾಹೇಬರೂ ಮೇಲೆ ಬರಲೇಬೇಕು!"

ಸಭೆಯೆಲ್ಲ ಚಪ್ಪಾಳೆ. ಸಾಹೇಬರು ಕೈ ಮುಗಿದು ಬೇಡವೆಂದರು, ತಲೆ ಆಡಿಸಿದರು, ಮಂಡಿ ನೋವು ಎಂದರು. ಮಂಡಿ ನೋವೆಂದರೆ ಬಿಡುವ ಜಾಗವೇ ಅದು? ಇಬ್ಬರು ನರ್ಸುಗಳು ಬಂದು ಎರಡು ಕಡೆ ತೋಳು ಹಿಡಿದು ನಡೆಸಿಕೊಂಡು ಹೋದರು. ಸಾಹೇಬರು ಮೆಟ್ಟಿಲು ಹತ್ತುವಾಗ ಒಂದೊಂದು ಹೆಜ್ಜೆಗೂ ಕೆಂಪು ಹೂಗಳು ಅರಳಿದವು. ಹಿಂದಿನಿಂದ ಅತ್ತೆ ಮೊಮ್ಮಗಳಿಗೆ, ತಮ್ಮ ಪ್ರಕಾರ ಮೆಲ್ಲಗೆ, ಸಭೆಯ ಪ್ರಕಾರ ಜೋರಾಗಿ, "ಹೂವು ಒಪ್ಪುತ್ತೆ ಕಣೇ ಅಳಿಯಂದ್ರಿಗೆ" ಅಂದರು. ಫೋಟೊದವನು ಹಿಂದೆ ಹಿಂದೆ ಸರಿದು, ತಲೆಯಿಂದ ಕಾಲಿನವರೆಗೆ ಎಲ್ಲವೂ ಬರುವಂತೆ ತೆಗೆದ.

ಆ ಫೋಟೊ ಈಗ ಆಸ್ಪತ್ರೆಯ ಮೊಗಸಾಲೆಯಲ್ಲಿ ಗಾಜಿನ ಚೌಕಟ್ಟಿನಲ್ಲಿದೆ. ಪೇಟೆಯವರು ಮಕ್ಕಳಿಗೆ ಜ್ವರ ಬಂದ ನೆಪದಲ್ಲಿ ಹೋಗಿ ನೋಡಿಕೊಂಡು ಬರುತ್ತಾರೆ.

ಮನೆಗೆ ಬಂದವರೇ ಸಾಹೇಬರು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವಮಾನವನ್ನು ಕಳಚಿ ಎಸೆಯಬೇಕೆಂದು ಪ್ಯಾಂಟಿನ ಇಲಾಸ್ಟಿಕ್ಕಿಗೆ ಕೈ ಹಾಕಿದಾಗ ಒಳಗಿನ ಲೇಬಲ್ಲು ಬೆರಳಿಗೆ ತಾಗಿತು. ಅಂಗಡಿಯವರೇ ಹೊಲಿದ, ಯಾರೂ ಬದಲಾಯಿಸದ, ಅಸಲಿ ಲೇಬಲ್ಲು. ಎಸ್!

ಸಾಹೇಬರು ಕನ್ನಡಿಯ ಮುಂದೆ ನಿಂತರು. ಬಾಗಿಲು ಭದ್ರವಾಗಿದೆಯೆ ಎಂದು ನೋಡಿಕೊಂಡು, ಒಂದು ಸುತ್ತು ತಿರುಗಿದರು.

"ರೀ, ನನ್ನ ಪ್ಯಾಂಟು ಕೊಡಿ, ಒಗೆಯೋಕೆ ಹಾಕ್ತೀನಿ" ಎಂದು ಸಿಸ್ಟರು ಹೊರಗಿನಿಂದ ಕೂಗಿದರು.

"ಇರಲಿ ಬಿಡೇ" ಅಂದರು ಸಾಹೇಬರು. "ನನಗೆ ಸರಿಯಾಗಿದೆ."

ಅದನ್ನು ಅವರು ಇವತ್ತಿನವರೆಗೂ ವಾಪಸು ಕೊಟ್ಟಿಲ್ಲ.